ಲೈಸೆನ್ಸ್ ಕಾಪಿ ಕೈಯಲ್ಲಿದ್ದರೆ ಸಾಲದು, ವಿಳಾಸ ನೋಡಿ

ಕಳೆದ ಚಳಿಗಾಲದಲ್ಲಿ ಒಬ್ಬರು ನಮ್ಮ ಅಂಗಡಿಗೆ ಶಾಟ್‌ಗನ್ ತಂದಿದ್ದರು. ಆನ್‌ಲೈನ್‌ನಲ್ಲಿ ಮಾರಿದ್ದರು, ಬೇರೆ ರಾಜ್ಯಕ್ಕೆ ಕಳಿಸಬೇಕಿತ್ತು. ಕೊಳ್ಳುವವನು ಡೀಲರ್ ಲೈಸೆನ್ಸಿನ ಕಾಪಿಯನ್ನು ಈಮೇಲ್ ಮಾಡಿದ್ದ. ಸಹಿ ಇತ್ತು, ನಂಬರ್ ಇತ್ತು, ನೋಡೋಕೆ ಎಲ್ಲಾ ಸರಿಯಾಗಿತ್ತು. ನಾನು ಸರ್ಕಾರಿ ಸೈಟಿನಲ್ಲಿ ನಂಬರ್ ಹಾಕಿ ನೋಡಿದೆ. ಅಂಗಡಿ ನಿಜ, ಲೈಸೆನ್ಸೂ ನಿಜ. ಆದರೆ ಕಾಪಿಯಲ್ಲಿದ್ದ ವಿಳಾಸ ಬೇರೆ ಊರಿನದು.

ನಾನು ಟೆಕ್ಸಾಸ್‌ನ ಒಂದು ಗನ್ ಅಂಗಡಿಯಲ್ಲಿ ಲೆಕ್ಕಪುಸ್ತಕ ಮತ್ತು ಕಾಗದಪತ್ರ ನೋಡಿಕೊಳ್ಳುವವನು. ಕನ್ನಡದವರು ಈ ಕೆಲಸದಲ್ಲಾ ಅಂತ ಕೇಳುವವರಿದ್ದಾರೆ. ಕೊಡಗಿನವರು ಮಾತ್ರ ಕೇಳುವುದಿಲ್ಲ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಿಂದ ಬಂದವರಿಗೆ ಇದರಲ್ಲಿ ಆಶ್ಚರ್ಯ ಏನಿದೆ!

ನಿಯಮ ಇಷ್ಟೇ. ಅಮೆರಿಕದಲ್ಲಿ ಒಂದು ರಾಜ್ಯದ ಸಾಮಾನ್ಯ ವ್ಯಕ್ತಿ ಇನ್ನೊಂದು ರಾಜ್ಯದ ಸಾಮಾನ್ಯ ವ್ಯಕ್ತಿಗೆ ಗನ್ ಮಾರಿದರೆ ನೇರವಾಗಿ ಅವರ ಮನೆಗೆ ಕಳಿಸುವ ಹಾಗಿಲ್ಲ. 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಅದು ಲೈಸೆನ್ಸ್ ಇರುವ ಡೀಲರ್ ಕೈಗೆ ಹೋಗಬೇಕು. ಕೊಳ್ಳುವವರು ಆ ಅಂಗಡಿಗೆ ಹೋಗಿ ಗನ್ ಕೊಳ್ಳುವವರ ವಿವರ ಕೇಳುವ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ತಗೊಂಡು ಹೋಗಬೇಕು. ಅಂದರೆ ಇಡೀ ವ್ಯವಸ್ಥೆ ನಿಂತಿರುವುದೇ ಪಾರ್ಸೆಲ್ ನಿಜವಾದ ಡೀಲರ್ ಬಾಗಿಲಿಗೆ ಹೋಗುತ್ತದೆ ಅನ್ನುವ ನಂಬಿಕೆಯ ಮೇಲೆ. ಇವತ್ತು ಒಂದು ಪಿಡಿಎಫ್‌ನಲ್ಲಿ ವಿಳಾಸದ ಸಾಲು ಬದಲಾಯಿಸೋಕೆ ಎಷ್ಟು ಹೊತ್ತು ಬೇಕು ಹೇಳಿ?

ಅದಕ್ಕೇ ಡೀಲರ್‌ಗಳಿಗೆ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಎಟಿಎಫ್ ಇಲಾಖೆಯ ಸೈಟಿನಲ್ಲಿ ಎಫ್‌ಎಫ್‌ಎಲ್ ಈಝಿ ಚೆಕ್ ಅಂತ ಒಂದು ಪುಟವಿದೆ, ಎಫ್‌ಎಫ್‌ಎಲ್ ಅಂದರೆ ಆ ಲೈಸೆನ್ಸೇ. ಲೈಸೆನ್ಸ್ ನಂಬರಿನಲ್ಲಿ ಒಟ್ಟು 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ನೀವು ಹಾಕಬೇಕಾದ್ದು ಮೊದಲ 3 ಮತ್ತು ಕೊನೆಯ 5 ಅಂಕಿ ಮಾತ್ರ. ಲೈಸೆನ್ಸ್ ಹೊಂದಿದವರ ಹೆಸರು, ಅಂಗಡಿಯ ಹೆಸರು, ಅಂಗಡಿ ಇರುವ ಜಾಗದ ವಿಳಾಸ, ಅವಧಿ ಮುಗಿಯುವ ದಿನ ಬರುತ್ತದೆ. ಆ ಪುಟದಲ್ಲಿ ಬಂದ ವಿಳಾಸಕ್ಕೇ ಪಾರ್ಸೆಲ್ ಹೋಗಬೇಕು. ಕಾಪಿಯಲ್ಲಿರುವುದಕ್ಕಲ್ಲ, ಕೊಳ್ಳುವವನು ಮೆಸೇಜ್ ಮಾಡಿದ್ದಕ್ಕಂತೂ ಅಲ್ಲವೇ ಅಲ್ಲ. ಆಮೇಲೆ ಅಂಗಡಿಗೆ ಒಂದು ಫೋನ್ ಮಾಡಿ, ಇಂಥವರ ಹೆಸರಿಗೆ ಗನ್ ಬರುವುದು ನಿಮಗೆ ಗೊತ್ತಾ ಅಂತ ಕೇಳಿ. ಆ ನಂಬರನ್ನೂ ನೀವೇ ಹುಡುಕಿ, ಈಮೇಲ್‌ನಲ್ಲಿ ಬಂದ ನಂಬರಿಗೆ ಮಾಡಿದರೆ ಫೋನ್ ಎತ್ತುವವನು ಮೋಸ ಮಾಡುವವನೇ ಆಗಿರಬಹುದು.

ಶಾಟ್‌ಗನ್ ಕಥೆಯಲ್ಲೂ ಹೀಗೇ ಆಯಿತು. ವಿಳಾಸ ಯಾಕೆ ಬೇರೆ ಅಂತ ಕೇಳಿದ್ದಕ್ಕೆ, "ಅಂಗಡಿ ಶಿಫ್ಟ್ ಆಗಿದೆ, ಹೊಸ ಲೈಸೆನ್ಸ್ ಬರಬೇಕು" ಅಂತ ಉತ್ತರ ಬಂತು. ಕೇಳೋಕೆ ನಿಜ ಅನ್ನಿಸುತ್ತೆ ಅಲ್ವಾ? ಆದರೆ ಡೀಲರ್ ಜಾಗ ಬದಲಾಯಿಸಬೇಕಾದರೆ ಮೊದಲೇ ಅರ್ಜಿ ಹಾಕಿ, ತಿದ್ದಿದ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಹೊಸ ಜಾಗದಲ್ಲಿ ವ್ಯಾಪಾರ ಶುರು ಮಾಡಬೇಕು. ಮಧ್ಯದಲ್ಲಿ ಅಂತ ಒಂದು ಸ್ಥಿತಿಯೇ ಇಲ್ಲ. ನಾವು ಕಳಿಸಲಿಲ್ಲ. ಕೊಳ್ಳುವವನು ಆಮೇಲೆ ಮೆಸೇಜಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದ.

ಅವಧಿಯ ಬಗ್ಗೆ ಜನ ಸುಮ್ನೆ ಗಾಬರಿಯಾಗುತ್ತಾರೆ. ಲೈಸೆನ್ಸ್ 3 ವರ್ಷಕ್ಕೆ ಕೊಡುತ್ತಾರೆ. ನಂಬರಿನ ಕೊನೆಯ 5 ಅಂಕಿಗಳಿಗೆ ಮೊದಲು ಒಂದು ಅಂಕಿ, ಒಂದು ಅಕ್ಷರ ಇರುತ್ತದೆ, ಅವಧಿ ಮುಗಿಯುವ ವರ್ಷ ಮತ್ತು ತಿಂಗಳು ಅದು. 8ಸಿ ಅಂತಿದ್ದರೆ 2028ರ ಮಾರ್ಚ್, ಎ ಅಂದರೆ ಜನವರಿ, ಹೀಗೇ ಲೆಕ್ಕ. ಐ ಅಕ್ಷರ ಮಾತ್ರ ಬಿಟ್ಟಿದ್ದಾರೆ, ಆದ್ದರಿಂದ ಡಿಸೆಂಬರ್‌ಗೆ ಎಂ. ಕಾಪಿಯ ಮೇಲೆ ಹಳೆಯ ತಾರೀಕಿದ್ದ ಮಾತ್ರಕ್ಕೆ ಅಂಗಡಿ ಮುಚ್ಚಿದೆ ಅಂತಲ್ಲ. ಸಮಯಕ್ಕೆ ಸರಿಯಾಗಿ ನವೀಕರಣಕ್ಕೆ ಅರ್ಜಿ ಹಾಕಿದವರು ವ್ಯಾಪಾರ ಮುಂದುವರಿಸಬಹುದು, ಅದಕ್ಕೆ ಎಟಿಎಫ್ ಪತ್ರ ಕೊಡುತ್ತದೆ. ಅನುಮಾನ ಇದ್ದರೆ ಆ ಪತ್ರ ಕೇಳಿ, ಕೊಡೋಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಪ್ರಶ್ನೆ, ನಾವೇ ನೇರವಾಗಿ ಡೀಲರ್‌ಗೆ ಕಳಿಸಬಹುದಾ ಅಂತ. ಕೇಂದ್ರ ಕಾನೂನು ಅಡ್ಡ ಬರುವುದಿಲ್ಲ. ಆದರೆ ದೊಡ್ಡ ಖಾಸಗಿ ಕೊರಿಯರ್‌ಗಳು ಈಗ ಲೈಸೆನ್ಸ್ ಇರುವವರಿಂದ ಮಾತ್ರ ಗನ್ ತಗೊಳ್ಳುತ್ತವೆ, ಕೆಲವು ಡೀಲರ್‌ಗಳೂ ಖಾಸಗಿ ಜನರಿಂದ ಬಂದ ಪಾರ್ಸೆಲ್ ಮುಟ್ಟುವುದಿಲ್ಲ. ಹಾಗಾಗಿ ನಿಮ್ಮ ಊರಿನ ಅಂಗಡಿಗೆ ಕೊಟ್ಟು, ಸ್ವಲ್ಪ ಶುಲ್ಕ ಕಟ್ಟಿ, ಅವರಿಂದಲೇ ಕಳಿಸಿದರೆ ತಲೆನೋವು ಕಡಿಮೆ. ಕ್ಯಾಲಿಫೋರ್ನಿಯಾಕ್ಕಾದರೆ ಹಾಗೇ ಮಾಡಿ. ಹೊರ ರಾಜ್ಯದ ಡೀಲರ್ ಅಲ್ಲಿಗೆ ಕಳಿಸುವ ಮೊದಲು ಆ ರಾಜ್ಯದ ನ್ಯಾಯ ಇಲಾಖೆಯಿಂದ ಬೇರೆ ಒಂದು ದೃಢೀಕರಣ ನಂಬರ್ ಪಡೆಯಬೇಕು, ಆ ಕಾಗದದ ಕೆಲಸ ಅಂಗಡಿಯವರಿಗೆ ರೂಢಿ ಇರುತ್ತದೆ.

ನೀವೇ ಕಳಿಸುವುದಾದರೆ ಡಬ್ಬಿಯೊಳಗೆ ನಿಮ್ಮ ಡ್ರೈವಿಂಗ್ ಲೈಸೆನ್ಸ್ ಕಾಪಿ ಹಾಕಿ, ಕೊಳ್ಳುವವರ ಹೆಸರು ಮತ್ತು ಫೋನ್ ನಂಬರ್ ಬರೆದಿಡಿ. ಯಾರಿಂದ ಬಂತು ಅನ್ನುವುದನ್ನು ಅವರ ಹೆಸರು, ವಿಳಾಸದ ಸಮೇತ ಡೀಲರ್ ತಮ್ಮ ಪುಸ್ತಕದಲ್ಲಿ ಬರೆಯಲೇಬೇಕು. ನಮ್ಮ ಬೀರುವಿನಲ್ಲಿ ಈಗಲೂ ಒಂದು ರೈಫಲ್ ಇದೆ, ಬಂದು 2 ವಾರ ಆಯಿತು. ಕಳಿಸಿದವರು ತಮ್ಮ ಹೆಸರು ಬರೆದಿದ್ದಾರೆ, ಯಾರಿಗೆ ಅಂತ ಬರೆದಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ.