ಹುಂಜದ ಹೊಟ್ಟೆಯಲ್ಲಿ ವಿಮಾನದ ಕಿಟಕಿ

ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಹುಂಜ. ಜುಟ್ಟು, ಬಾಲ, ಕಾಲು ಎಲ್ಲ ಚಿನ್ನದ ನೀರು ಹಾಕಿದ ಬೆಳ್ಳಿ; ಹೊಟ್ಟೆ ಮಾತ್ರ ನೀರಹನಿಯಂತೆ ತಿಳಿ. ನ್ಯೂಯಾರ್ಕಿನ ಟ್ರೈಫಾರಿ ಕಂಪನಿ 1940ರ ದಶಕದಲ್ಲಿ ತಯಾರಿಸಿದ ಇಂಥ ಬ್ರೋಚ್‌ಗಳಿಗೆ, ಅಂದರೆ ಉಡುಪಿಗೆ ಚುಚ್ಚಿಕೊಳ್ಳುವ ಪಿನ್ನಿನ ಒಡವೆಗಳಿಗೆ, ಸಂಗ್ರಾಹಕರು ಇಟ್ಟ ಹೆಸರು ‘ಜೆಲ್ಲಿ ಬೆಲ್ಲಿ’. ಗಿಲೀಟು ಎಂದು ನಾವು ಮೂಗು ಮುರಿಯುವ ಜಾತಿಯ ಒಡವೆಯೇ ಇದು. ಆದರೂ ಹಳೆಯ ಒಡವೆಗಳ ಹುಚ್ಚಿರುವವರು ಇದಕ್ಕಾಗಿ ಹರಾಜಿನಲ್ಲಿ ಪೈಪೋಟಿ ನಡೆಸುತ್ತಾರೆ.

ನೇಪಲ್ಸ್‌ನ ಅಕ್ಕಸಾಲಿಗರ ಮನೆತನದ ಗುಸ್ತಾವೊ ಟ್ರೈಫಾರಿ ನ್ಯೂಯಾರ್ಕಿಗೆ ಬಂದದ್ದು 1904ರಲ್ಲಿ. 1925ರ ಹೊತ್ತಿಗೆ ಲಿಯೊ ಕ್ರಸ್‌ಮನ್ ಮತ್ತು ಕಾರ್ಲ್ ಫಿಶೆಲ್ ಪಾಲುದಾರರಾಗಿದ್ದರು. ಕಂಪನಿಗೆ ದಕ್ಕಿದ ಅಸಲಿ ರತ್ನವೆಂದರೆ 1930ರಲ್ಲಿ ಸೇರಿದ ವಿನ್ಯಾಸಕಾರ ಆಲ್ಫ್ರೆಡ್ ಫಿಲಿಪ್. ಕಾರ್ಟಿಯೆಯಂಥ ಮಳಿಗೆಗಳಿಗೆ ನಿಜವಾದ ವಜ್ರದ ಒಡವೆ ರೂಪಿಸಿದ್ದ ಆ ಕೈ, ಇಲ್ಲಿ ಗಾಜಿನ ಹರಳಿಗೂ ಅದೇ ಮರ್ಯಾದೆ ಕೊಟ್ಟಿತು.

ಆದರೆ ಗಾಜು ಎಷ್ಟೆಂದರೂ ಗಾಜು. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನಾಂಕ ವಜ್ರಕ್ಕೆ 2.42, ಸಾಮಾನ್ಯ ಗಾಜಿನದು 1.5ರ ಆಸುಪಾಸು. ವಜ್ರದೊಳಗೆ ಹೊಕ್ಕ ಬೆಳಕು ಹಿಂಬದಿಯ ಮುಖಕ್ಕೆ 24 ಡಿಗ್ರಿಗಿಂತ ತುಸು ಹೆಚ್ಚು ಓರೆಯಾಗಿ ಬಡಿದರೂ ಸಾಕು, ಹೊರಹೋಗಲಾರದೆ ಪೂರ್ತಿ ಹಿಂದಿರುಗಿ ನಮ್ಮ ಕಣ್ಣಿಗೆ ಹೊಳೆಯುತ್ತದೆ. ಗಾಜಿನಲ್ಲಿ ಈ ಗಡಿ ಸುಮಾರು 41 ಡಿಗ್ರಿ. ಅಷ್ಟು ಓರೆಯಾಗದ ಬೆಳಕು ಹಿತ್ತಿಲ ಬಾಗಿಲಿನಿಂದ ಸೋರಿಹೋಗುತ್ತದೆ. ಆ ಬಾಗಿಲಿಗೆ ಹಾಕಿದ ಅಗುಳಿಯೇ ಹರಳಿನ ಹಿಂಬದಿಗೆ ಬಳಿದ ಲೋಹದ ತೆಳು ಲೇಪ. ನಮ್ಮ ಕುಂದಣದ ಕೆಲಸದಲ್ಲೂ ಹರಳಿನ ಕೆಳಗೆ ತೆಳು ತಗಡು ಇಡುತ್ತಾರಲ್ಲ, ಅದೇ ಉಪಾಯ. ಒಳಗೆ ತೇವ ಸೇರಿದರೆ ಲೇಪ ಕೆಟ್ಟು ಕಪ್ಪಾಗುತ್ತದೆ. ಅಂಥ ಹರಳು ‘ಸತ್ತಿದೆ’ ಎನ್ನುವ ಸಂಗ್ರಾಹಕರು ಹಳೆಯ ಬ್ರೋಚನ್ನು ಅಪ್ಪಿತಪ್ಪಿಯೂ ನೀರಿಗೆ ಅದ್ದುವುದಿಲ್ಲ.

ಇಂಥ ಒಡವೆಗಳ ಎರಕಕ್ಕೆ ಬಳಕೆಯಲ್ಲಿದ್ದದ್ದು ತವರ ಹೆಚ್ಚಾಗಿರುವ ಮಿಶ್ರಲೋಹ. ತವರ ಬೇಗ ಕರಗುತ್ತದೆ, ಅಚ್ಚಿನ ಸಂದುಗೊಂದುಗಳಿಗೂ ಹರಿಯುತ್ತದೆ. 1942ರ ಆರಂಭದಲ್ಲಿ ಜಪಾನ್ ಮಲಯವನ್ನು ವಶಪಡಿಸಿಕೊಂಡಾಗ ಅಮೆರಿಕಕ್ಕೆ ಬರುತ್ತಿದ್ದ ತವರದ ದೊಡ್ಡ ಮೂಲವೇ ಕೈತಪ್ಪಿತು. ಉಳಿದದ್ದು ಯುದ್ಧಕ್ಕೆ ಮೀಸಲು. ಆಗ ಟ್ರೈಫಾರಿ ಹಿಡಿದ ದಾರಿ ವಿಚಿತ್ರವಾಗಿತ್ತು: ನಕಲಿ ಒಡವೆಗೆ ಅಸಲಿ ಬೆಳ್ಳಿ! ಸಾವಿರಕ್ಕೆ 925 ಪಾಲು ಬೆಳ್ಳಿಯಿರುವ ಸ್ಟರ್ಲಿಂಗ್ ಬೆಳ್ಳಿಯನ್ನೇ ಎರಕ ಹೊಯ್ದು ಮೇಲೆ ಚಿನ್ನದ ಲೇಪ ಕೊಟ್ಟರು. ಬಡತನ ಬಂದು ಬೆಳ್ಳಿ ತೊಡಿಸಿದ ಪ್ರಸಂಗ ಇದಲ್ಲದೆ ಬೇರೊಂದು ಇದ್ದೀತೇ!

ಹುಂಜದ ಹೊಟ್ಟೆ ಲ್ಯೂಸೈಟ್ ಎಂಬ ಪ್ಲಾಸ್ಟಿಕ್. ಯುದ್ಧವಿಮಾನಗಳ ಕಿಟಕಿಗಳಿಗೆ ಬಳಸುತ್ತಿದ್ದದ್ದೂ ಇದೇ ಜಾತಿಯದು. ಕಾರ್ಖಾನೆಗಳು ತಿರಸ್ಕರಿಸಿದ ತುಂಡುಗಳೇ ಒಡವೆಗೆ ಬಂದವು ಎಂಬ ಕಥೆ ಸಂಗ್ರಾಹಕರ ಬಾಯಲ್ಲಿ ಓಡಾಡುತ್ತದೆ. ಕಥೆ ಹೇಗೂ ಇರಲಿ, ಆಯ್ಕೆ ಜಾಣತನದ್ದು. ಲ್ಯೂಸೈಟ್‌ನ ವಕ್ರೀಭವನಾಂಕ 1.49, ಹೆಚ್ಚುಕಡಿಮೆ ಗಾಜಿನಷ್ಟೇ. ತೂಕ ಮಾತ್ರ ಗಾಜಿನ ಅರ್ಧಕ್ಕೂ ಕಡಿಮೆ. ಹೊಟ್ಟೆ ಎಷ್ಟೇ ದಪ್ಪವಾದರೂ ರೇಷ್ಮೆಯ ರವಿಕೆ ಜಗ್ಗುವುದಿಲ್ಲ.

ಯುದ್ಧ ಮುಗಿದ ಮೇಲೆ ಬೆಳ್ಳಿ ದುಬಾರಿಯೆನಿಸಿತು. ಆದರೆ ಬೆಳ್ಳಿಯ ರುಚಿ ಕಂಡ ಗ್ರಾಹಕರಿಗೆ ಮತ್ತೆ ಅಗ್ಗದ ಲೋಹ ಮಾರುವುದು ಹೇಗೆ? 1947ರಲ್ಲಿ ಕಂಪನಿ ಅದಕ್ಕೆ ‘ಟ್ರೈಫೇನಿಯಂ’ ಎಂದು ಹೆಸರಿಟ್ಟು ಜಾಹೀರಾತು ಕೊಟ್ಟಿತು. ರಸಾಯನವಿಜ್ಞಾನಕ್ಕಿಂತ ನಾಮಕರಣದ ಗೆಲುವು ಇದು ಎಂದು ನನಗನ್ನಿಸುತ್ತದೆ. 1953ರಲ್ಲಿ ಮೇಮಿ ಐಸೆನ್‌ಹೋವರ್ ಗಂಡನ ಅಧ್ಯಕ್ಷ ಪದಗ್ರಹಣದ ನೃತ್ಯಕೂಟಕ್ಕೆ ಟ್ರೈಫಾರಿಯ ಕೃತಕ ಮುತ್ತುಗಳನ್ನೇ ಧರಿಸಿ ಬಂದರು.

ಜನಪ್ರಿಯತೆಯ ಹಿಂದೆಯೇ ನಕಲಿಯ ನಕಲಿಗಳೂ ಬಂದವು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಇಂಥ ಒಡವೆಯೂ ಕಲಾಕೃತಿಯೇ, ಅದಕ್ಕೂ ಕೃತಿಸ್ವಾಮ್ಯ ಸಲ್ಲುತ್ತದೆ ಎಂದು 1955ರಲ್ಲಿ ತೀರ್ಪು ಬಂತು. ಆ ಕಾಲದಿಂದೀಚಿನ ಬ್ರೋಚ್‌ಗಳ ಬೆನ್ನಿನಲ್ಲಿ ಕಂಪನಿಯ ಕಿರೀಟದ ಮುದ್ರೆಯ ಪಕ್ಕ ಕೃತಿಸ್ವಾಮ್ಯದ ಗುರುತೂ ಕಾಣುತ್ತದೆ. ಅದಿಲ್ಲದೆ ‘ಸ್ಟರ್ಲಿಂಗ್’ ಎಂದು ಕೆತ್ತಿದ್ದರೆ, ಹುಂಜ ಬಹುಮಟ್ಟಿಗೆ ತವರ ಸಿಗದಿದ್ದ ದಿನಗಳದ್ದು.