ಗುಂಡಗೆ ಕತ್ತರಿಸಿದ ಫೋಟೋ ಮೊಟ್ಟೆ ಆಗೋದ್ಯಾಕೆ?

ಪ್ರಶ್ನೆ: ಮಕ್ಕಳಿಗಾಗಿ ‘ನಮ್ಮ ಶಿವಮೊಗ್ಗ ಜಿಲ್ಲೆ’ ಅಂತ ಸ್ಲೈಡ್ ಮಾಡುತ್ತಿದ್ದೇನೆ. ಪವರ್‌ಪಾಯಿಂಟ್‌ನಲ್ಲಿ ಜೋಗ, ಸಕ್ರೆಬೈಲು, ಕೆಳದಿಯ ಫೋಟೋಗಳನ್ನು ಗುಂಡಗೆ ಕತ್ತರಿಸಿದರೆ ಮೊಟ್ಟೆ ಆಕಾರ ಬರುತ್ತದೆ. ಎರಡೂ ಬದಿಯಿಂದ ಒತ್ತಿ ಗುಂಡಗೆ ಮಾಡಿದರೆ ಆನೆ ಸಣಕಲಾಗುತ್ತದೆ. ಏನು ಮಾಡಲಿ? (ಸಾಗರದ ಒಬ್ಬ ಶಿಕ್ಷಕಿ)

ಮೇಡಂ, ಬದಿಯಿಂದ ಒತ್ತುವುದನ್ನು ಮೊದಲು ಬಿಡಿ. ಪವರ್‌ಪಾಯಿಂಟ್‌ಗೆ ‘ಓವಲ್’ ಅಂದರೆ ಚೌಕಟ್ಟಿನ ನಾಲ್ಕೂ ಬದಿಗೆ ತಾಗುವ ಆಕಾರ, ಅಷ್ಟೇ. ಮೊಬೈಲ್ ಫೋಟೋ ಸಾಮಾನ್ಯವಾಗಿ 4:3 ಅಳತೆಯಲ್ಲಿರುತ್ತದೆ. ಅಂಥ ಚೌಕಟ್ಟಿನಲ್ಲಿ ಮೊಟ್ಟೆಯೇ ಬರೋದು. ಚೌಕಟ್ಟು ಸರಿಯಾದ ಚೌಕವಾದರೆ ಅದೇ ಓವಲ್ ವೃತ್ತವಾಗುತ್ತದೆ.

ಫೋಟೋ ಮೇಲೆ ಕ್ಲಿಕ್ ಮಾಡಿ, ಮೇಲಿನ ‘ಪಿಕ್ಚರ್ ಫಾರ್ಮ್ಯಾಟ್’ಗೆ ಹೋಗಿ. ‘ಕ್ರಾಪ್’ ಗುಂಡಿಯ ಕೆಳಗಿನ ಪುಟ್ಟ ಬಾಣ ಒತ್ತಿ, ‘ಕ್ರಾಪ್ ಟು ಶೇಪ್’ನಲ್ಲಿ ಓವಲ್ ಆರಿಸಿ. ಅದೇ ಬಾಣವನ್ನು ಮತ್ತೆ ಒತ್ತಿ, ‘ಆಸ್ಪೆಕ್ಟ್ ರೇಶಿಯೊ’ದಲ್ಲಿ 1:1 ಅನ್ನಿ. ವೃತ್ತ ಸಿದ್ಧ. ಈಗ ಕತ್ತರಿಸಿ ಹೋಗುವ ಭಾಗ ಮಸುಕಾಗಿ ಕಾಣುತ್ತಿರುತ್ತದೆ. ಫೋಟೋವನ್ನೇ ಹಿಡಿದು ಒಳಗೊಳಗೆ ಸರಿಸಿ, ಆನೆಯ ಮುಖ ನಡುವೆ ಬರುವ ಹಾಗೆ ಕೂರಿಸಿ. ಹೊರಗೆಲ್ಲಾದರೂ ಕ್ಲಿಕ್ ಮಾಡಿದರೆ ಮುಗಿಯಿತು. ಆಮೇಲೆ ದೊಡ್ಡದು ಚಿಕ್ಕದು ಮಾಡುವಾಗ ಮೂಲೆಯನ್ನೇ ಹಿಡಿದು ಎಳೆಯಿರಿ.

ಗೂಗಲ್ ಸ್ಲೈಡ್ಸ್ ಆದರೆ ಮೊದಲು ಚೌಕವಾಗಿ ಕ್ರಾಪ್ ಮಾಡಿ, ಆಮೇಲೆ ಕ್ರಾಪ್ ಗುರುತಿನ ಪಕ್ಕದ ಬಾಣದಲ್ಲಿ ಆಕಾರ ಆರಿಸಿ. ಲಿಬ್ರೆಆಫೀಸ್‌ನಲ್ಲಿ ದಾರಿ ಉಲ್ಟಾ: ಶಿಫ್ಟ್ ಒತ್ತಿ ಹಿಡಿದು ವೃತ್ತ ಎಳೆದು, ಅದರೊಳಗೆ ಬಣ್ಣದ ಬದಲು ಫೋಟೋ ತುಂಬಬೇಕು. ಫೋಟೋ ಮೊದಲೇ ಚೌಕವಾಗಿರಲಿ, ಇಲ್ಲದಿದ್ದರೆ ಮತ್ತೆ ಆನೆ ಸಣಕಲು!

ಆದರೆ ಎಲ್ಲ ಫೋಟೋನೂ ಗುಂಡಗೆ ಯಾಕೆ ಬೇಕು? 4:3 ಫೋಟೋವನ್ನು ವೃತ್ತ ಮಾಡಿದರೆ ನೂರರಲ್ಲಿ ಸುಮಾರು 41 ಪಾಲು ಹೋಗುತ್ತದೆ. ಮುಖಕ್ಕೆ ಪರವಾಗಿಲ್ಲ, ನೋಡಬೇಕಾದ್ದು ನಡುವೆಯೇ ಇರುತ್ತಲ್ವಾ. ಕೆಳದಿ ರಾಮೇಶ್ವರ ಗುಡಿಯ ಚಾವಣಿಯ ಗಂಡಭೇರುಂಡಕ್ಕೂ ವೃತ್ತ ಒಪ್ಪುತ್ತದೆ, ಎರಡೂ ತಲೆ ಒಳಗಿವೆಯಾ ನೋಡಿಕೊಳ್ಳಿ ಸಾಕು. ಜೋಗದ ಕಥೆ ಬೇರೆ. 253 ಮೀಟರ್ ಎತ್ತರದಿಂದ ಬೀಳುವ ನೀರು ಅದು. ಉದ್ದುದ್ದ ತೆಗೆದ ಫೋಟೋವನ್ನು ಗುಂಡಗೆ ಕತ್ತರಿಸಿದರೆ ಮೇಲೆ ನೀರು ಧುಮುಕುವ ಅಂಚೂ ಹೋಯಿತು, ಕೆಳಗಿನ ಕಮರಿಯೂ ಹೋಯಿತು. ಉಳಿಯುವುದು ಬಂಡೆಯ ಮೇಲೊಂದು ಬಿಳಿ ಪಟ್ಟಿ. ಅದು ರಾಜಾನಾ ರಾಕೆಟ್ಟಾ ಅಂತ ಯಾವ ಮಗುವಿಗೂ ಗೊತ್ತಾಗದು. ಜೋಗಕ್ಕೆ ಮೂಲೆ ಮಾತ್ರ ದುಂಡಗಿರುವ ಉದ್ದ ಆಯತ ಸಾಕು. ಸಕ್ರೆಬೈಲಿನಲ್ಲಿ ಪಕ್ಕದಿಂದ ತೆಗೆದ ಆನೆಗಳ ಸಾಲಿಗೂ ಅಡ್ಡ ಆಯತವೇ ಸರಿ, ವೃತ್ತಕ್ಕೆ ಹಾಕಿದರೆ ಒಂದರ ಸೊಂಡಿಲು, ಇನ್ನೊಂದರ ಬಾಲ ಹಾರುತ್ತದೆ. ಹೃದಯ, ನಕ್ಷತ್ರದ ಆಕಾರಗಳೂ ಪಟ್ಟಿಯಲ್ಲಿವೆ. ಸುಮ್ನೆ ಬಿಟ್ಟುಬಿಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕತ್ತರಿಸಿದ ಭಾಗ ನಿಜವಾಗಿ ಅಳಿಸಿಹೋಗಿರುವುದಿಲ್ಲ, ಫೈಲಿನೊಳಗೆ ಅಡಗಿರುತ್ತದೆ. ಪ್ರವಾಸದ ಗುಂಪು ಫೋಟೋದಿಂದ ಒಂದು ಮಗುವಿನ ಮುಖ ಮಾತ್ರ ತೋರಿಸಿದ್ದೀರಿ ಅಂದುಕೊಳ್ಳಿ. ಆ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ, ಪಡೆದವರು ಕ್ರಾಪ್ ಒತ್ತಿ ಇಡೀ ಗುಂಪನ್ನೇ ನೋಡಬಹುದು. ಫೈಲಿನ ಗಾತ್ರವೂ ಸುಮ್ಮನೆ ಜಾಸ್ತಿ. ಅದಕ್ಕೇ ಎಲ್ಲ ಮುಗಿದ ಮೇಲೆ ‘ಪಿಕ್ಚರ್ ಫಾರ್ಮ್ಯಾಟ್’ನಲ್ಲಿ ‘ಕಂಪ್ರೆಸ್ ಪಿಕ್ಚರ್ಸ್’ ತೆರೆದು, ಈ ಒಂದು ಚಿತ್ರಕ್ಕೆ ಮಾತ್ರ ಅನ್ನುವ ಗುರುತು ತೆಗೆದು, ಕತ್ತರಿಸಿದ ಭಾಗ ಅಳಿಸು ಅನ್ನುವುದಕ್ಕೆ ಗುರುತು ಹಾಕಿ. ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಅಳಿಸಿ ಸೇವ್ ಮಾಡಿದ ಮೇಲೆ ಆ ಭಾಗ ವಾಪಸ್ ಬರುವುದಿಲ್ಲ.