ಗಟಾರದ ಮುಚ್ಚಳವೇ ಫುಟ್‌ಪಾತ್ ಆದದ್ದು ಹೇಗೆ?

ಕಳೆದ ಮಳೆಗಾಲದಲ್ಲಿ ಆಯಿಯನ್ನು ಕರೆದುಕೊಂಡು ಶಿರಸಿ ಪೇಟೆಯಲ್ಲಿ ಹೋಗುತ್ತಿದ್ದೆ. ಫುಟ್‌ಪಾತ್ ಇತ್ತು. ಆದರೂ ಅವಳು ರಸ್ತೆಯಲ್ಲೇ ನಡೆದಳು. "ಮೇಲೆ ಹತ್ತೇ ಆಯಿ, ಗಾಡಿ ಬತ್ತು" ಅಂದೆ. "ಹತ್ತದು ಹ್ಯಾಂಗೋ? ಹತ್ತಿರೂ ಇಳಿಯದು ಹ್ಯಾಂಗೋ?" ಅಂದಳು. ಅವಳಿಗೆ ಮಂಡಿನೋವು.

ಕೊಡೆ ಅವಳ ಕೈಗೆ ಕೊಟ್ಟು, ಬಗ್ಗಿ ಗೇಣು ಹಾಕಿ ನೋಡಿದೆ. ರಸ್ತೆಯಿಂದ ಒಂದೂವರೆ ಗೇಣು ಎತ್ತರ. ಹತ್ತು ಹೆಜ್ಜೆ ಆದ ಮೇಲೆ ಅಂಗಡಿಯ ಗಾಡಿ ಒಳಗೆ ಹೋಗಲಿ ಅಂತ ಕತ್ತರಿಸಿದ್ದಾರೆ. ಇಳಿಯಬೇಕು, ಮತ್ತೆ ಹತ್ತಬೇಕು. ಒಂದು ಕಡೆ ಚಪ್ಪಡಿ ಅಲ್ಲಾಡುತ್ತದೆ. ಅದರ ಕೆಳಗೆ ನೀರು ಓಡುವ ಸದ್ದು.

ಅಂದರೆ ಅದು ಫುಟ್‌ಪಾತ್ ಅಲ್ಲ, ಗಟಾರದ ಮುಚ್ಚಳ. ನಮ್ಮಲ್ಲಿ ಸುರಿಯುವ ಮಳೆಗೆ ಗಟಾರ ಆಳ ಇರಲೇಬೇಕು. ನೀರಿನ ಲೆಕ್ಕ ಹಾಕಿದವರು ಸರಿಯಾಗಿಯೇ ಹಾಕಿದ್ದಾರೆ. ಕಾಲಿನ ಲೆಕ್ಕ ಮಾತ್ರ ಯಾರೂ ಹಾಕಿಲ್ಲ. ಇದನ್ನು ಒಬ್ಬ ಇಂಜಿನಿಯರನ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ಕಲಿಸಿದ್ದೇ ಅಷ್ಟು. ಆ ಕಲಿಕೆ ಎಲ್ಲಿಂದ ಬಂತು ಅಂತ ನೋಡಲು ಸ್ವಲ್ಪ ಹಿಂದೆ ಹೋಗಬೇಕು.

1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆಗ ಮುಂಬೈ ಪ್ರಾಂತ್ಯದಲ್ಲಿ ರಸ್ತೆ, ಸೇತುವೆ, ಕಟ್ಟಡ ಕಟ್ಟಿಸುವ ಓವರ್‌ಸಿಯರ್‌ಗಳನ್ನು ತಯಾರು ಮಾಡುತ್ತಿದ್ದುದು ಪುಣೆಯಲ್ಲಿ. 1854ರಲ್ಲಿ ಶುರುವಾದ ಆ ತರಗತಿಯೇ ಮುಂದೆ ಪುಣೆಯ ಇಂಜಿನಿಯರಿಂಗ್ ಕಾಲೇಜಾಯಿತು. ಆ ಕಾಲಕ್ಕೆ ನಮ್ಮ ಕಡೆ ರಸ್ತೆ ಬೇಕಾದದ್ದು ಹತ್ತಿಗೆ. ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಬಂದರಿಗೆ ಬರಬೇಕಿತ್ತು. ಕುಮಟಾ ಬಂದರಿನಿಂದ ಹೋಗುತ್ತಿದ್ದ ಆ ಹತ್ತಿಗೆ ವ್ಯಾಪಾರದಲ್ಲಿ 'ಕುಮಟಾ ಹತ್ತಿ' ಅಂತಲೇ ಹೆಸರು ಬಿತ್ತು. ಹಾಗಾಗಿ ರಸ್ತೆ ಅಂದರೆ ಗಾಡಿ ಸಾಗುವ ದಾರಿ. ಪೇಟೆಯ ಒಳಗೆ ನಡೆಯುವವರ ವಿಚಾರ ಆ ಪಾಠದಲ್ಲಿ ಇರಲಿಲ್ಲ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಆಮೇಲೆ ಊರು ಕಟ್ಟುವುದೂ ಒಂದು ವಿದ್ಯೆ ಅಂತ ಸರ್ಕಾರಕ್ಕೆ ಅನ್ನಿಸತೊಡಗಿತು. 1898ರಲ್ಲಿ ಮುಂಬೈ ಇಂಪ್ರೂವ್‌ಮೆಂಟ್ ಟ್ರಸ್ಟ್, 1903ರಲ್ಲಿ ಮೈಸೂರಿನಲ್ಲಿ ಅಂಥದೇ ಒಂದು ಮಂಡಳಿ, 1915ರಲ್ಲಿ ಮುಂಬೈ ಪ್ರಾಂತ್ಯದ ಟೌನ್ ಪ್ಲಾನಿಂಗ್ ಕಾಯ್ದೆ. ದೇಶದಲ್ಲಿ ಅಂಥ ಕಾಯ್ದೆ ಅದೇ ಮೊದಲು. ಜಮೀನುಗಳನ್ನೆಲ್ಲ ಒಟ್ಟು ಮಾಡಿ, ರಸ್ತೆಗೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಸೈಟು ಮಾಡಿ ಮಾಲೀಕರಿಗೇ ವಾಪಸ್ ಕೊಡುವ ದಾರಿ ಅದರಲ್ಲಿತ್ತು. ಗುಜರಾತಿನವರು ಅದನ್ನು ಇವತ್ತಿಗೂ ಬಳಸುತ್ತಿದ್ದಾರೆ. ನಮ್ಮಲ್ಲಿ ಅದು ಕಾಗದದಲ್ಲಿ ಉಳಿದದ್ದೇ ಜಾಸ್ತಿ.

ಅದೇ ಹೊತ್ತಿಗೆ, 1914ರಲ್ಲಿ, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಭಾರತಕ್ಕೆ ಬಂದರು. ಮೂಲದಲ್ಲಿ ಜೀವಶಾಸ್ತ್ರ ಓದಿದವರು. ಒಂದೊಂದೇ ಊರಿಗೆ ಹೋಗಿ, ಓಣಿ ಓಣಿ ನಡೆದು ವರದಿ ಬರೆದರು. ಎಲ್ಲಿ ಕೆರೆ ಇದೆ, ಜನ ಎಲ್ಲಿ ಕೂರುತ್ತಾರೆ, ಯಾವ ಮರದ ಕೆಳಗೆ ಗುಡಿ ಇದೆ ಅಂತ ನೋಡುತ್ತಿದ್ದರು. ಅಗಲ ರಸ್ತೆಗೋಸ್ಕರ ಇಡೀ ಕೇರಿ ಕೆಡವುವುದನ್ನು ವಿರೋಧಿಸಿದರು. ಬಿದ್ದುಹೋದ ಒಂದೆರಡು ಮನೆ ತೆಗೆದು ಅಲ್ಲೊಂದು ಬಯಲು ಬಿಟ್ಟರೆ ಓಣಿಗೆ ಗಾಳಿ ಬೆಳಕು ಬರುತ್ತದೆ ಅನ್ನುವುದು ಅವರ ವಾದ. 1919ರಲ್ಲಿ ಅವರು ಮುಂಬೈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆದರೆ ಇಂಜಿನಿಯರಿಂಗ್‌ನಲ್ಲಿ ಅಲ್ಲ, ಸಮಾಜಶಾಸ್ತ್ರದಲ್ಲಿ. ನನಗೆ ಇಡೀ ಕತೆಯಲ್ಲಿ ಬಹಳ ಬೇಜಾರಾಗುವ ಜಾಗ ಇದು. ನಡೆದು ನೋಡುವ ಪಾಠ ಒಂದು ಕಡೆ ಹೋಯಿತು, ನಕಾಶೆ ಬಿಡಿಸುವ ಪಾಠ ಇನ್ನೊಂದು ಕಡೆ ಉಳಿಯಿತು.

ಅಂಥದೇ ಇನ್ನೊಂದು ಕತೆ ಒಟ್ಟೊ ಕೋನಿಗ್ಸ್‌ಬರ್ಗರ್ ಅವರದು. ಹಿಟ್ಲರನ ಜರ್ಮನಿ ಬಿಟ್ಟು ಬಂದವರು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿದ್ದರು. ಮಳೆ, ಸೆಕೆ, ಗಾಳಿ ನೋಡಿ ಕಟ್ಟಬೇಕು ಅನ್ನುವ ಅನುಭವ ಇಲ್ಲಿ ಆದದ್ದು. ಅದನ್ನು ಪಾಠ ಮಾಡಿದ್ದು ಲಂಡನ್ನಿನಲ್ಲಿ. 1954ರಲ್ಲಿ ಅಲ್ಲಿ ಶುರುವಾದ ಉಷ್ಣವಲಯದ ವಾಸ್ತುಶಿಲ್ಪ ವಿಭಾಗವನ್ನು ಮುಂದೆ ಅವರೇ ನಡೆಸಿದರು.

ನಮ್ಮ ದೇಶದಲ್ಲಿ ಪ್ಲಾನಿಂಗ್ ಕಲಿಸುವ ದೊಡ್ಡ ಶಾಲೆ ದೆಹಲಿಯಲ್ಲಿ 1955ರಲ್ಲಿ ಬಂತು. ಅಹಮದಾಬಾದಿನಲ್ಲಿ 1972ರಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲೂ ನಗರ ಯೋಜನೆಯ ಎಂ.ಟೆಕ್ ಇದೆ. ನಮ್ಮ ಹುಡುಗರು ಹೋದದ್ದು ಮಾತ್ರ ಸಿವಿಲ್‌ಗೆ. ಮೊದಲು ಪುಣೆ, 1947ರ ನಂತರ ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು, ಈಗ ಕಾರವಾರದ ಮಾಜಾಳಿಯ ಸರ್ಕಾರಿ ಕಾಲೇಜು.

ಇತ್ತ 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯದ ನಗರ ಯೋಜನೆ ಕಾಯ್ದೆ ಬಂತು, 1965ರಲ್ಲಿ ಜಾರಿಯಾಯಿತು. ಅಲ್ಲಿಂದ ಮಾಸ್ಟರ್ ಪ್ಲಾನ್ ಅಂದರೆ ನಕಾಶೆಯ ಮೇಲಿನ ಬಣ್ಣ. ಹಳದಿ ಅಂದರೆ ವಸತಿ, ನೀಲಿ ಅಂದರೆ ವ್ಯಾಪಾರ, ಹಸಿರು ಅಂದರೆ ಪಾರ್ಕು, ಹೊಲ.

ಹಾಗಾದರೆ ಗಜನಿಗೆ ಯಾವ ಬಣ್ಣ? ಕಾಳಿ, ಅಘನಾಶಿನಿ ದಡದ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅಲ್ಲೇ ಉಪ್ಪುನೀರು ಬಿಟ್ಟು ಸೀಗಡಿ, ಮೀನು ಹಿಡಿಯುತ್ತಾರೆ. ಭರತ, ಇಳಿತದ ನೀರಿಗೂ ಅದೇ ಜಾಗ. ನಕಾಶೆಯಲ್ಲಿ ಅದೊಂದು ಖಾಲಿ ಜಾಗದ ಹಾಗೆ ಕಾಣುತ್ತದೆ. ಮಣ್ಣು ತುಂಬಿ ಲೇಔಟ್ ಮಾಡಿದರೆ ನೀರು ಪಕ್ಕದ ಅಂಗಳಕ್ಕೆ ಬರದೆ ಎಲ್ಲಿ ಹೋಗಬೇಕು? ಕಾರವಾರದ ಕೇರಿಗಳ ಹೆಸರು ನೋಡಿ: ನಂದನಗದ್ದಾ, ಕಾಜುಬಾಗ, ಹಬ್ಬುವಾಡ. ಎಲ್ಲಿ ಗದ್ದೆ, ಎಲ್ಲಿ ತೋಟ, ಎಲ್ಲಿ ಮನೆ ಅಂತ ಹಿಂದಿನವರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ.

ಮನೆಯ ವಿಷಯವೂ ಹೀಗೇ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಿಲಾನ್ಯಾಸ ಆಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಊರು ಬಿಡಬೇಕಾಯಿತು. ತೋಡೂರಿನಂಥ ಕಡೆ ಕಾಲೋನಿಗಳಾದವು. ಕಾಲೋನಿ ಅಂದರೆ ಸಾಲು ಸೈಟು. ಆದರೆ ಮೀನುಗಾರರಿಗೆ ಮನೆ ಅಂದರೆ ಬಲೆ ಹರಡುವ ಜಾಗ, ಮೀನು ಒಣಗಿಸುವ ಜಾಗ, ದೋಣಿಗೆ ಇಳಿಯುವ ದಾರಿ ಎಲ್ಲ ಸೇರಿದ್ದು ಅಲ್ವಾ? ಉದ್ದ ಅಗಲದ ಲೆಕ್ಕದಲ್ಲಿ ಇದು ಸಿಗುವುದಿಲ್ಲ. ಕೂತು ಕೇಳಬೇಕು. ಕೇಳುವುದನ್ನೂ ಕಲಿಸಬೇಕು.

1993ರಲ್ಲಿ ಸಂವಿಧಾನದ 74ನೇ ತಿದ್ದುಪಡಿ ಜಾರಿಯಾಯಿತು. ನಗರಸಭೆಗಳಿಗೆ ಕೊಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದೇ ನಗರ ಯೋಜನೆ. ಆ ಕೆಲಸ ಮಾಡುವವರು ಬೇಕಲ್ಲ? 2021ರ ನೀತಿ ಆಯೋಗದ ವರದಿ ಪ್ರಕಾರ ದೇಶಕ್ಕೆ 12,000ಕ್ಕೂ ಹೆಚ್ಚು ಟೌನ್ ಪ್ಲಾನರ್‌ಗಳು ಬೇಕು. ರಾಜ್ಯಗಳ ಇಲಾಖೆಗಳಲ್ಲಿ ಮಂಜೂರಾದ ಹುದ್ದೆ 4,000ಕ್ಕೂ ಕಡಿಮೆ, ಅದರಲ್ಲೂ ಶೇ. 42 ಖಾಲಿ. ಎಷ್ಟೋ ರಾಜ್ಯಗಳಲ್ಲಿ ಆ ಹುದ್ದೆಗೆ ಪ್ಲಾನಿಂಗ್ ಓದಿರಲೇಬೇಕು ಅಂತಲೂ ಇಲ್ಲ.

ಹಾಗಂತ ಪುಸ್ತಕದಲ್ಲಿ ಏನೂ ಇಲ್ಲ ಅಂತಲ್ಲ. ರಸ್ತೆ ಇಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಪಾದಚಾರಿಗಳಿಗೆ ಅಂತ ಮಾರ್ಗಸೂಚಿ ತಂದಿತು. 2012ರ ಪರಿಷ್ಕರಣೆ ಪ್ರಕಾರ ಫುಟ್‌ಪಾತ್‌ನಲ್ಲಿ ಅಡ್ಡಿ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು. ಎತ್ತರ 15 ಸೆಂಟಿಮೀಟರ್ ಮೀರಬಾರದು. ಅಂದರೆ ಮುಕ್ಕಾಲು ಗೇಣೂ ಇಲ್ಲ. ಸಿವಿಲ್ ಓದಿದ ನನ್ನ ಗೆಳೆಯರಲ್ಲಿ ಹೆಚ್ಚಿನವರು ಅದನ್ನು ತೆರೆದೇ ನೋಡಿಲ್ಲ. ಪರೀಕ್ಷೆಗೆ ಬರುವುದಿಲ್ಲ, ಯಾರೂ ಕೇಳುವುದಿಲ್ಲ.

ದೆಹಲಿಗೆ ಹೋಗಿ ಬರುವ ತರಬೇತಿಗಿಂತ ನಮಗೆ ಬೇಕಾದದ್ದು ಇಲ್ಲಿನ ತರಬೇತಿ ಅಂತ ನನ್ನ ಅನಿಸಿಕೆ. ಮಾಜಾಳಿ ಕಾಲೇಜಿನ ಹುಡುಗ ಹುಡುಗಿಯರನ್ನು ಜುಲೈ ತಿಂಗಳಲ್ಲಿ ಕಾರವಾರದ ರವಿವಾರದ ಸಂತೆಗೆ ಕರೆದುಕೊಂಡು ಹೋಗಿ. ತರಕಾರಿ ಬುಟ್ಟಿ ಎಲ್ಲಿ ಕೂರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಅಂತ ಬರೆಸಿ. ಮಾರಿಜಾತ್ರೆ ನಡೆಯುವ ವರ್ಷ ಶಿರಸಿಯ ಬಿಡ್ಕಿ ಬಯಲಿಗೆ ಬರುವ ಜನ ಯಾವ ಓಣಿಯಿಂದ ಬಂದು ಯಾವುದರಲ್ಲಿ ಹೋಗುತ್ತಾರೆ ಅಂತ ಎಣಿಸಲಿ. ಚೀರೆಕಲ್ಲಿನ ಗೌಂಡಿಯ ಜೊತೆ ಒಂದು ವಾರ ಇರಲಿ. ಇಳಿಜಾರು ಎಷ್ಟು ಕೊಡಬೇಕು ಅಂತ ಅವರು ಕಣ್ಣಳತೆಯಲ್ಲೇ ಹೇಳುತ್ತಾರೆ.

ಮೊನ್ನೆ ಆ ಫುಟ್‌ಪಾತ್ ಹತ್ತಿರ ಮತ್ತೆ ಹೋಗಿದ್ದೆ. ಕತ್ತರಿಸಿದ ಜಾಗದಲ್ಲಿ ಯಾರೋ ಅಂಗಡಿಯವರು ಒಂದು ಚೀರೆಕಲ್ಲು ತಂದು ಇಟ್ಟಿದ್ದಾರೆ, ಮೆಟ್ಟಿಲಿನ ಹಾಗೆ. ಅಲುಗಾಡದಂತೆ ಅಡಿಗೆ ಎರಡು ಚಕ್ಕೆ ಕೊಟ್ಟಿದ್ದಾರೆ. ಆಯಿ ಅದರ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು ಹತ್ತಿದಳು.